ಫಿಲಡೆಲ್ಫಿಯಾಗೆ ಹೋಗುವವರಿಗೆ: ಬೆಂಜಮಿನ್ ಫ್ರಾಂಕ್ಲಿನ್ ನಡೆದ ದಾರಿಯಲ್ಲಿ

ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಇರುವ ನಮ್ಮವರು ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಾಗ ಫಿಲಡೆಲ್ಫಿಯಾ ತೋರಿಸುವುದು ಸಾಮಾನ್ಯವಾಗಿ ವಾಷಿಂಗ್ಟನ್‌ಗೆ ಹೋಗುವ ದಾರಿಯಲ್ಲಿ. ಕಾರು ನಿಲ್ಲಿಸು, ಅಮೆರಿಕದ ಸ್ವಾತಂತ್ರ್ಯದ ಗುರುತಾದ ಲಿಬರ್ಟಿ ಬೆಲ್ ಗಂಟೆ ಎದುರು ಫೋಟೋ ತೆಗಿ, ಮತ್ತೆ ಕಾರು ಹತ್ತು. ದಯವಿಟ್ಟು ಹಾಗೆ ಮಾಡಬೇಡಿ. ಈ ಊರಿಗೆ ಒಂದು ಪೂರ್ತಿ ದಿನವಾದರೂ ಕೊಡಿ, ಸಾಧ್ಯವಾದರೆ ಒಂದೂವರೆ ದಿನ. ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬನಾದ, ಮುದ್ರಕನೂ ವಿಜ್ಞಾನಿಯೂ ಆಗಿದ್ದ ಬೆಂಜಮಿನ್ ಫ್ರಾಂಕ್ಲಿನ್ 17 ವರ್ಷದ ಹುಡುಗನಾಗಿ ಇಲ್ಲಿಗೆ ಓಡಿಬಂದವನು, 84ನೇ ವಯಸ್ಸಿಗೆ ಇಲ್ಲೇ ತೀರಿಕೊಂಡವನು. ಅವನು ಬದುಕಿದ ಕ್ರಮದಲ್ಲೇ ಊರು ಸುತ್ತಿದರೆ ಪ್ರತಿಯೊಂದು ಜಾಗಕ್ಕೂ ಅರ್ಥ ಬರುತ್ತದೆ. ನಾವು ಮಾವನವರನ್ನೂ ಮಗಳನ್ನೂ ಕರೆದುಕೊಂಡು ಹಾಗೇ ಸುತ್ತಿದೆವು.

ಮೊದಲು ಹೋಗುವ ವಿಷಯ. ಎಡಿಸನ್ ಕಡೆಯವರು ಎನ್‌ಜೆ ಟ್ರಾನ್ಸಿಟ್ ರೈಲಲ್ಲಿ ಟ್ರೆಂಟನ್‌ಗೆ ಬಂದು ಅಲ್ಲಿ ಫಿಲಡೆಲ್ಫಿಯಾದ ಸ್ಥಳೀಯ ರೈಲಾದ ಸೆಪ್ಟಾ ಹಿಡಿದರೆ ಜೆಫರ್ಸನ್ ಸ್ಟೇಷನ್‌ನಲ್ಲಿ ಇಳಿಯಬಹುದು. ದೂರದ ಊರುಗಳಿಗೆ ಓಡುವ ಆಮ್‌ಟ್ರ್ಯಾಕ್ ರೈಲಿಗಿಂತ ಅಗ್ಗ, ಸಮಯ ಸ್ವಲ್ಪ ಜಾಸ್ತಿ. ಕಾರಲ್ಲಿ ಹೋಗುವವರು ರಸ್ತೆ ಬದಿ ಜಾಗ ಹುಡುಕುತ್ತಾ ಸುತ್ತಬೇಡಿ, 6ನೇ ಬೀದಿ ಮತ್ತು ಮಾರ್ಕೆಟ್ ಬೀದಿಯ ಹತ್ತಿರ ಇರುವ ಇಂಡಿಪೆಂಡೆನ್ಸ್ ವಿಸಿಟರ್ ಸೆಂಟರ್ ಕೆಳಗೇ ಪಾರ್ಕಿಂಗ್ ಇದೆ. ಅಲ್ಲಿಂದ ಮುಂದೆ ಹೆಚ್ಚಿನದೆಲ್ಲ ನಡಿಗೆಯೇ. ಹಳೇ ಬೀದಿಗಳಲ್ಲಿ ಕಲ್ಲು, ಇಟ್ಟಿಗೆ ಹಾಸು. ಚಪ್ಪಲಿಯಲ್ಲಿ ಬರುತ್ತೇನೆ ಎನ್ನುವ ಹಿರಿಯರಿಗೆ ಒಳ್ಳೆ ಶೂ ಹಾಕಿಸಿ.

ಇನ್ನೊಂದು ಕೆಲಸ ಮನೆಯಲ್ಲೇ ಮುಗಿಸಿ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಬಿದ್ದ ಇಂಡಿಪೆಂಡೆನ್ಸ್ ಹಾಲ್ ನೋಡಲು ಸಮಯ ಗುರುತು ಮಾಡಿದ ಟಿಕೆಟ್ ಬೇಕು. ಪ್ರವೇಶ ಉಚಿತ, ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಮುಂಗಡ ಕಾದಿರಿಸಲು ಒಂದು ಡಾಲರ್ ಶುಲ್ಕ. ಬೇಸಿಗೆ ರಜೆಯಲ್ಲಿ, ಅದರಲ್ಲೂ ಜುಲೈ 4ರ ಆಸುಪಾಸಿನಲ್ಲಿ, ಟಿಕೆಟ್ ಬೇಗ ಮುಗಿದುಹೋಗುತ್ತವೆ. ಮಧ್ಯಾಹ್ನದ ಹೊತ್ತಿನದು ತೆಗೆದುಕೊಳ್ಳಿ, ಬೆಳಿಗ್ಗೆ ಬೇರೆ ಕಡೆ ಕೆಲಸವಿದೆ.

ಬೆಳಿಗ್ಗೆ ಡೆಲವೇರ್ ನದಿ ದಂಡೆಯಿಂದ ಶುರು ಮಾಡಿ. ಊರಿಗೂ ನದಿಗೂ ನಡುವೆ ಈಗ ದೊಡ್ಡ ಹೆದ್ದಾರಿ ಹಾದುಹೋಗಿದೆ, ಅದರ ಮೇಲಿನ ಸೇತುವೆ ದಾಟಿ ಹೋಗಬೇಕು. 1723ರ ಅಕ್ಟೋಬರ್‌ನಲ್ಲಿ ಫ್ರಾಂಕ್ಲಿನ್ ದೋಣಿಯಿಂದ ಇಳಿದಿದ್ದು ಮಾರ್ಕೆಟ್ ಬೀದಿಯ ಈ ತುದಿಯಲ್ಲಿ. ಬಾಸ್ಟನ್‌ನಲ್ಲಿ ಸೋಪು, ಮೇಣದಬತ್ತಿ ಮಾಡುವವನ ಮಗ, 17 ಮಕ್ಕಳಲ್ಲಿ 15ನೆಯವನು. 12ನೇ ವಯಸ್ಸಿನಿಂದ ಅಣ್ಣನ ಪ್ರೆಸ್‌ನಲ್ಲಿ ದುಡಿದು, ಅಣ್ಣನ ಹೊಡೆತ ತಾಳಲಾರದೆ ಓಡಿಬಂದಿದ್ದ. ಮೂರು ಪೆನ್ನಿ ಕೊಟ್ಟರೆ ಮೂರು ದೊಡ್ಡ ಬ್ರೆಡ್ ಸಿಕ್ಕವು. ಎರಡನ್ನು ಕಂಕುಳಲ್ಲಿ ಒಂದೊಂದು ಇಟ್ಟುಕೊಂಡು, ಮೂರನೆಯದನ್ನು ತಿನ್ನುತ್ತಾ ಈ ಬೀದಿಯಲ್ಲಿ ನಡೆದ. ಬಾಗಿಲಲ್ಲಿ ನಿಂತು ಅವನ ಅವತಾರ ನೋಡಿದ ಡೆಬೊರಾ ರೀಡ್ ಮುಂದೆ ಅವನ ಹೆಂಡತಿಯಾದಳು. ಉಳಿದ ಎರಡು ಬ್ರೆಡ್ಡನ್ನು ದೋಣಿಯಲ್ಲಿ ಜೊತೆಗೆ ಬಂದಿದ್ದ ಒಬ್ಬ ತಾಯಿಗೂ ಮಗುವಿಗೂ ಕೊಟ್ಟುಬಿಟ್ಟ. ಈ ಕಥೆ ಮಕ್ಕಳಿಗೆ ಅಲ್ಲೇ ನಿಂತು ಹೇಳಿ, ದಾರಿಯುದ್ದಕ್ಕೂ ಅವನನ್ನೇ ಹುಡುಕುತ್ತಾರೆ.

ನದಿ ಹತ್ತಿರ ನಮ್ಮವರು ತಿಳಿದುಕೊಳ್ಳಬೇಕಾದ ಇನ್ನೊಂದು ವಿಷಯ ಇದೆ. 1782ರಲ್ಲಿ, ಫ್ರಾಂಕ್ಲಿನ್ ಪ್ಯಾರಿಸ್‌ನಲ್ಲಿ ರಾಯಭಾರಿಯಾಗಿದ್ದಾಗ, ಪೆನ್ಸಿಲ್ವೇನಿಯಾದವರು ಈ ನದಿಯ ವ್ಯಾಪಾರಿ ಹಡಗುಗಳ ಕಾವಲಿಗೆ ಒಂದು ಹಡಗನ್ನು ಸಜ್ಜು ಮಾಡಿದರು. ಅದರ ಹೆಸರು 'ಹೈದರ್ ಅಲಿ'. ಹೌದು, ಮೈಸೂರಿನ ಹೈದರ್ ಅಲಿಯೇ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ದೊರೆ ಅನ್ನುವ ಅಭಿಮಾನಕ್ಕೆ. ಜೋಶುವಾ ಬಾರ್ನಿ ಎಂಬ ಕ್ಯಾಪ್ಟನ್ ಆ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಅದೇ ಹಡಗಿನಿಂದ ಸೆರೆಹಿಡಿದ. ಇದನ್ನು ಹೇಳಿದಾಗ ಮಾವನವರು ನದಿಯನ್ನು ನೋಡಿದ ರೀತಿಯೇ ಬದಲಾಯಿತು.

ಅಲ್ಲಿಂದ 2ನೇ ಬೀದಿಯ ಕ್ರೈಸ್ಟ್ ಚರ್ಚ್, ಹತ್ತಿರದಲ್ಲೇ ಎಲ್ಫ್ರೆತ್ಸ್ ಆಲಿ ಎಂಬ ಹಳೇ ಓಣಿ. ಓಣಿಯ ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ. ಇವೆರಡಕ್ಕೆ ಅರ್ಧ ಗಂಟೆ ಸಾಕು. ಸಮಯ ಉಳಿಸಿಕೊಳ್ಳಬೇಕಾದ್ದು ಮುಂದಿನ ಜಾಗಕ್ಕೆ.

ಮಾರ್ಕೆಟ್ ಬೀದಿಯಲ್ಲಿ 3 ಮತ್ತು 4ನೇ ಬೀದಿಗಳ ನಡುವೆ ಒಂದು ಕಮಾನಿನ ಕೆಳಗೆ ನುಗ್ಗಿದರೆ ಒಳಗೆ ಫ್ರಾಂಕ್ಲಿನ್ ಕೋರ್ಟ್ ಎಂಬ ಅಂಗಳ. ಸುಮ್ನೆ ನಡೆದುಹೋದರೆ ಕಣ್ಣಿಗೆ ಬೀಳುವುದಿಲ್ಲ. ಅವನ ಮನೆಯನ್ನು 1812ರಲ್ಲೇ ಕೆಡವಿದ್ದಾರೆ. ಆ ಜಾಗದಲ್ಲಿ 1976ರಲ್ಲಿ ಮನೆಯ ಆಕಾರವನ್ನು ಬರೀ ಉಕ್ಕಿನ ಕಂಬಗಳಲ್ಲಿ ನಿಲ್ಲಿಸಿದರು, ಗೋಡೆ ಇಲ್ಲ, ಬಾಗಿಲಿಲ್ಲ. ಕೆಳಗೆ ಹಳೇ ಅಡಿಪಾಯ ನೋಡಲು ಕಿಂಡಿಗಳಿವೆ. ನೆಲದ ಕಲ್ಲುಗಳ ಮೇಲೆ ಮನೆಯ ಬಗ್ಗೆ ಗಂಡ ಹೆಂಡತಿ ಬರೆದುಕೊಂಡ ಪತ್ರಗಳ ಸಾಲುಗಳನ್ನು ಕೆತ್ತಿದ್ದಾರೆ, ಅವನ್ನು ನಿಧಾನವಾಗಿ ಓದಿ. ಮನೆ ಮುಗಿಯುವ ಹೊತ್ತಿಗೆ ಅವನು ಲಂಡನ್‌ನಲ್ಲಿದ್ದ. ಡೆಬೊರಾಗೆ ಸಮುದ್ರ ಪ್ರಯಾಣ ಎಂದರೆ ಭಯ, ಅವಳು ಹೋಗಲಿಲ್ಲ. 1764ರಲ್ಲಿ ಹೊರಟವನು ಮರಳಿ ಬಂದಿದ್ದು 1775ರಲ್ಲಿ, ಅವಳು 1774ರಲ್ಲೇ ತೀರಿಕೊಂಡಿದ್ದಳು. ಅವನನ್ನು ಎಷ್ಟು ಮೆಚ್ಚಿದರೂ ಈ ವಿಷಯದಲ್ಲಿ ನನ್ನ ಮನಸ್ಸು ಡೆಬೊರಾ ಕಡೆಗೇ.

ಅಂಗಳದ ಕೆಳಗೆ ನೆಲಮಾಳಿಗೆಯಲ್ಲಿ ಮ್ಯೂಸಿಯಂ ಇದೆ, ಸಣ್ಣ ಟಿಕೆಟ್, ಒಂದು ಗಂಟೆ ಬೇಕು. ಅವನ ಮನೆಯಲ್ಲಿ ಗುಲಾಮರಿದ್ದರು, ಅವನು ನಡೆಸುತ್ತಿದ್ದ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರುತ್ತಿತ್ತು. ಅದೇ ಮನುಷ್ಯ 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾಗಿ, ಸಾಯುವ ಕೆಲವೇ ವಾರ ಮುಂಚೆ ಸಂಸತ್ತಿಗೆ ಮನವಿ ಕಳಿಸಿದ. ಮಕ್ಕಳಿಗೆ ಇವೆರಡನ್ನೂ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಅವನು 1761ರಲ್ಲಿ ಮಾಡಿದ ಗಾಜಿನ ವಾದ್ಯ ಆರ್ಮೋನಿಕಾ ನಮ್ಮ ಜಲತರಂಗದ ಬಳಗದ್ದು, ಆದರೆ ಬಟ್ಟಲುಗಳನ್ನು ಒಂದು ಸರಳಿಗೆ ಪೋಣಿಸಿ ತಿರುಗಿಸುತ್ತಾ ಒದ್ದೆ ಬೆರಳಿಂದ ನುಡಿಸುತ್ತಾರೆ. ಮೊಜಾರ್ಟ್ ಕೂಡ ಅದಕ್ಕೆ ಸಂಗೀತ ಬರೆದಿದ್ದಾನೆ.

ನಮಗೆ ಅತ್ಯಂತ ಖುಷಿ ಕೊಟ್ಟಿದ್ದು ಪಕ್ಕದ ಅಚ್ಚುಕೂಟ. 18ನೇ ಶತಮಾನದ ಮಾದರಿಯ ಮರದ ಪ್ರೆಸ್ ಇಟ್ಟು ಪಾರ್ಕ್ ರೇಂಜರ್‌ಗಳು ಕಣ್ಣೆದುರೇ ಮುದ್ರಿಸಿ ತೋರಿಸುತ್ತಾರೆ. ಚರ್ಮದ ಉಂಡೆಗಳಿಂದ ಅಚ್ಚಿನ ಅಕ್ಷರಗಳಾದ ಮೊಳೆಗಳ ಮೇಲೆ ಮಸಿ ಬಡಿದು, ಕಾಗದ ಹಾಸಿ, ಹಿಡಿಯನ್ನು ಮೈಭಾರ ಹಾಕಿ ಎಳೆಯಬೇಕು. ನಮ್ಮ ಮಾವನವರು ದಾವಣಗೆರೆಯಲ್ಲಿ ಎಷ್ಟೋ ವರ್ಷ ಮೊಳೆ ಜೋಡಿಸಿದವರು. ಅಲ್ಲಿಯವರೆಗೆ ಕಾಲು ನೋವು ಅನ್ನುತ್ತಿದ್ದವರು ಪ್ರೆಸ್ ಕಂಡ ಮೇಲೆ ಕದಲಲೇ ಇಲ್ಲ. "ನೋಡು ಪುಟ್ಟಿ, ಅಕ್ಷರ ತಿರುಗಾ ಮುರುಗಾ ಇರ್ತದೆ, ಕಾಗದದ ಮೇಲೆ ನೆಟ್ಟಗೆ ಬರ್ತದೆ. ಇವರಿಗೆ ದೊಡ್ಡಕ್ಷರ, ಸಣ್ಣಕ್ಷರ ಅಷ್ಟೇ. ನಮಗೆ ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಕೇಸಿನಲ್ಲಿ ಬೇರೆ ಬೇರೆ ಮನೆ" ಎಂದು ಮೊಮ್ಮಗಳಿಗೆ ಹೇಳಿಕೊಟ್ಟರು. ಫ್ರಾಂಕ್ಲಿನ್ ಪೆನ್ಸಿಲ್ವೇನಿಯಾದ ಕಾಗದದ ಹಣವನ್ನೂ ಮುದ್ರಿಸುತ್ತಿದ್ದ. ಯಾರೂ ನಕಲು ಮಾಡಬಾರದೆಂದು ನೋಟಿನ ಹಿಂದೆ ನಿಜವಾದ ಎಲೆಯ ನರನರ ಅಚ್ಚು ಬರುವಂತೆ ಮಾಡಿದ್ದ. 42ನೇ ವಯಸ್ಸಿಗೆ ಪ್ರೆಸ್ ಕೆಲಸದಿಂದ ಬಿಡುವು ಪಡೆಯುವಷ್ಟು ಸಂಪಾದಿಸಿದ. ಆದರೂ ಉಯಿಲಿನಲ್ಲಿ ಹೆಸರಿನ ಮುಂದೆ ಮೊದಲು ಬರೆದುಕೊಂಡಿದ್ದು 'ಮುದ್ರಕ', ರಾಯಭಾರಿ ಪದವಿ ಆಮೇಲೆ. ಮಾವನವರಿಗೆ ಇದು ಬಹಳ ಹಿಡಿಸಿತು. ಅಚ್ಚುಕೂಟ ಎಲ್ಲಾ ಹೊತ್ತಿನಲ್ಲೂ ತೆರೆದಿರುವುದಿಲ್ಲ, ಹೊರಡುವ ಮುಂಚೆ ಪಾರ್ಕ್‌ನ ಜಾಲತಾಣದಲ್ಲಿ ಸಮಯ ನೋಡಿಕೊಳ್ಳಿ.

ಊಟಕ್ಕೆ 12ನೇ ಬೀದಿಯ ರೀಡಿಂಗ್ ಟರ್ಮಿನಲ್ ಮಾರ್ಕೆಟ್ ಇದೆ, ಅಲ್ಲಿ ಬಿಸಿ ಪ್ರೆಟ್ಜೆಲ್ ತಿನ್ನಲೇಬೇಕು. ಭಾನುವಾರ, ಹಳೇ ಪದ್ಧತಿಯಲ್ಲೇ ಬದುಕುವ ಕ್ರೈಸ್ತ ಪಂಗಡವಾದ ಆಮಿಶ್ ಜನರ ಅಂಗಡಿಗಳು ಮುಚ್ಚಿರುತ್ತವೆ. ಊರಿನ ಹೆಸರುವಾಸಿ ಚೀಸ್‌ಸ್ಟೇಕ್ ದನದ ಮಾಂಸದ್ದು, ಸಸ್ಯಾಹಾರಿಗಳು ಕೇಳಿ ತಿನ್ನಿ. ಹಿರಿಯರಿದ್ದರೆ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ ವಾಷಿಂಗ್ಟನ್ ಸ್ಕ್ವೇರ್‌ನ ಬೆಂಚಿನಲ್ಲಿ ಕೂತು ತಿನ್ನುವುದೇ ಒಳ್ಳೆಯದು. ಫ್ರಾಂಕ್ಲಿನ್ ಕೂಡ 16ನೇ ವಯಸ್ಸಿನಲ್ಲಿ ಮಾಂಸ ಬಿಟ್ಟಿದ್ದ, ಉಳಿದ ಊಟದ ಖರ್ಚಿನಲ್ಲಿ ಪುಸ್ತಕ ಕೊಳ್ಳುತ್ತಿದ್ದ. ಆಮೇಲೆ ಹಡಗಿನಲ್ಲಿ ಮೀನು ಹುರಿಯುವ ವಾಸನೆಗೆ ಸೋತ. ದೊಡ್ಡ ಮೀನಿನ ಹೊಟ್ಟೆಯಲ್ಲಿ ಸಣ್ಣ ಮೀನು ಕಂಡು, ನೀವೇ ಒಬ್ಬರನ್ನೊಬ್ಬರು ತಿನ್ನುವಾಗ ನಾನ್ಯಾಕೆ ತಿನ್ನಬಾರದು ಎಂದು ಸಮಾಧಾನ ಮಾಡಿಕೊಂಡ.

ಮಧ್ಯಾಹ್ನ ಇಂಡಿಪೆಂಡೆನ್ಸ್ ಹಾಲ್. ಭದ್ರತಾ ತಪಾಸಣೆ ಇದೆ, ದೊಡ್ಡ ಬ್ಯಾಗ್ ತರಬೇಡಿ, ಟಿಕೆಟ್ ಸಮಯಕ್ಕೆ ಅರ್ಧ ಗಂಟೆ ಮುಂಚೆ ಸಾಲಿನಲ್ಲಿರಿ. 1776ರಲ್ಲಿ ಸ್ವಾತಂತ್ರ್ಯ ಘೋಷಣೆ, 1787ರಲ್ಲಿ ಸಂವಿಧಾನ, ಎರಡಕ್ಕೂ ಒಂದೇ ಕೋಣೆಯಲ್ಲಿ ಸಹಿ ಬಿತ್ತು, ಎರಡರಲ್ಲೂ ಫ್ರಾಂಕ್ಲಿನ್ ಇದ್ದ. ಎರಡನೇ ಸಲ ಅವನಿಗೆ 81, ಎಲ್ಲರಿಗಿಂತ ಹಿರಿಯ, ಮೇಣೆಯಲ್ಲಿ ಹೊತ್ತು ತರಬೇಕಾಗಿತ್ತು. ಕೋಣೆಯ ಮುಂದಿರುವ ಅಧ್ಯಕ್ಷರ ಕುರ್ಚಿಯ ಬೆನ್ನಿನ ಮೇಲೆ ಅರ್ಧ ಸೂರ್ಯನ ಕೆತ್ತನೆ ಇದೆ, ಅದೇ ಅಸಲಿ ಕುರ್ಚಿ, ಮರೆಯದೆ ನೋಡಿ. 'ಅದು ಮುಳುಗುವ ಸೂರ್ಯನೋ ಹುಟ್ಟುವ ಸೂರ್ಯನೋ ಎಂದು ತಿಂಗಳುಗಟ್ಟಲೆ ಯೋಚಿಸಿದ್ದೆ, ಈಗ ಗೊತ್ತಾಯಿತು, ಹುಟ್ಟುವ ಸೂರ್ಯ' ಎಂದು ಫ್ರಾಂಕ್ಲಿನ್ ಹೇಳಿದ್ದು ಅದರ ಬಗ್ಗೆಯೇ. ಲಿಬರ್ಟಿ ಬೆಲ್ ಎದುರಿಗೇ ಇದೆ, ಟಿಕೆಟ್ ಬೇಡ.

ಹೆಚ್ಚಿನವರು ಇಲ್ಲಿಗೆ ಮುಗಿಸುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಆಮೇಲಿನದು. ಸುತ್ತಲಿನ ಹಳೇ ಮನೆಗಳ ಗೋಡೆಯಲ್ಲಿ, ಬಾಗಿಲಿಂದ ಮೇಲಕ್ಕೆ, ನಾಲ್ಕು ಕೈಗಳು ಒಂದರ ಮಣಿಕಟ್ಟನ್ನೊಂದು ಹಿಡಿದ ಲೋಹದ ಗುರುತು ಹುಡುಕಿ. ಫ್ರಾಂಕ್ಲಿನ್ ಮತ್ತು ಗೆಳೆಯರು 1752ರಲ್ಲಿ ಕಟ್ಟಿದ ಬೆಂಕಿ ವಿಮೆ ಸಂಸ್ಥೆಯದು, ಸಂಸ್ಥೆ ಈಗಲೂ ಇದೆ. ಅದಕ್ಕೆ ಮುಂಚೆ, 1736ರಲ್ಲಿ, ಚರ್ಮದ ಬಕೆಟ್ ಇಟ್ಟುಕೊಂಡು ಒಬ್ಬರ ಮನೆಗೆ ಇನ್ನೊಬ್ಬರು ಓಡುವ ಅಗ್ನಿಶಾಮಕ ತಂಡ ಕಟ್ಟಿದ್ದರು. 1731ರಲ್ಲಿ 50 ಜನ ತಲಾ 40 ಶಿಲ್ಲಿಂಗ್ ಹಾಕಿ ಲೈಬ್ರರಿ ಮಾಡಿದರು. ಒಬ್ಬೊಬ್ಬರಿಗೂ ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ, ಕೂಡಿ ಕೊಂಡರು. ಆ ಲೈಬ್ರರಿ ಕಂಪನಿ ಇವತ್ತು ಲೋಕಸ್ಟ್ ಬೀದಿ 1314ರಲ್ಲಿದೆ, ಒಳಗೆ ಹೋಗಲು ದುಡ್ಡಿಲ್ಲ, ಆದರೆ ವಾರದ ದಿನಗಳಲ್ಲಿ ಹೋಗಿ. 8ನೇ ಬೀದಿ ಮತ್ತು ಪೈನ್ ಬೀದಿ ಸೇರುವಲ್ಲಿ ಪೆನ್ಸಿಲ್ವೇನಿಯಾ ಆಸ್ಪತ್ರೆ. ಡಾಕ್ಟರ್ ಥಾಮಸ್ ಬಾಂಡ್ ಬಡವರಿಗೆ ಆಸ್ಪತ್ರೆ ಬೇಕೆಂದು ಓಡಾಡುತ್ತಿದ್ದಾಗ ಫ್ರಾಂಕ್ಲಿನ್ ಒಂದು ಉಪಾಯ ಮಾಡಿದ. ಜನ 2,000 ಪೌಂಡ್ ಕೂಡಿಸಿದರೆ ಸರ್ಕಾರ ಅಷ್ಟೇ ಕೊಡಬೇಕು ಎಂದು ಶಾಸನಸಭೆಯಲ್ಲಿ ಒಪ್ಪಿಸಿದ. ಅಷ್ಟು ಹಣ ಕೂಡಲಾರದು ಎಂದುಕೊಂಡು ಒಪ್ಪಿದವರೂ ಇದ್ದರು, ಆದರೆ ಹಣ ಕೂಡಿತು, 1751ರಲ್ಲಿ ಆಸ್ಪತ್ರೆ ಹುಟ್ಟಿತು. ಈಗಲೂ ರೋಗಿಗಳು ಬರುವ ಜಾಗ, ಗದ್ದಲ ಮಾಡದೆ ಹಳೇ ಕಟ್ಟಡವನ್ನು ಪೈನ್ ಬೀದಿಯ ಗೇಟಿನಿಂದ ನೋಡಿ. ಅವನು ಗಾಳಿಪಟ ಹಾರಿಸಿ ಮಿಂಚೂ ವಿದ್ಯುತ್ತೇ ಎಂದು ತೋರಿಸಿದ ಕಥೆ ಎಲ್ಲರಿಗೂ ಗೊತ್ತು. ಊರಿನವರು ಕೈಯಿಂದ ಸ್ವಲ್ಪ ಸ್ವಲ್ಪ ಹಾಕಿ ಕಟ್ಟಿಕೊಂಡಿದ್ದು ಸುಮಾರು 270 ವರ್ಷದಿಂದ ನಡೆಯುತ್ತಿರುವುದು ಅದಕ್ಕಿಂತ ದೊಡ್ಡ ಸಾಧನೆ ಅಲ್ವಾ?

ಸಮಾಧಿ 5ನೇ ಬೀದಿ ಮತ್ತು ಆರ್ಚ್ ಬೀದಿಯ ಮೂಲೆಯಲ್ಲಿದೆ, ಪಕ್ಕದಲ್ಲಿ ಡೆಬೊರಾ, ಸಿಡುಬಿಗೆ 4ನೇ ವಯಸ್ಸಿನಲ್ಲಿ ತೀರಿಕೊಂಡ ಮಗ ಫ್ರಾನ್ಸಿಸ್. ಒಳಗೆ ಹೋಗಲು ಸಣ್ಣ ಶುಲ್ಕ, ಗೇಟು ಮುಚ್ಚಿದ್ದರೂ ರಸ್ತೆಯ ಕಬ್ಬಿಣದ ಸರಳುಗಳ ಮೂಲಕ ಕಲ್ಲು ಕಾಣುತ್ತದೆ. ಜನ ಅದರ ಮೇಲೆ ಪೆನ್ನಿ ಎಸೆಯುತ್ತಾರೆ, ಕಲ್ಲಿಗೆ ಪೆಟ್ಟಾಗುತ್ತದೆ, ನೀವು ಎಸೆಯಬೇಡಿ.

ಎರಡನೇ ದಿನ ಇದ್ದರೆ ಮಕ್ಕಳಿಗೆ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್. ಟಿಕೆಟ್ ದುಬಾರಿ, ಆದರೆ ಮನುಷ್ಯ ಒಳಗೆ ನಡೆದಾಡುವಷ್ಟು ದೊಡ್ಡ ಹೃದಯದ ಮಾದರಿ ಇದೆ. ಫ್ರಾಂಕ್ಲಿನ್‌ನ 20 ಅಡಿಯ ಅಮೃತಶಿಲೆ ಮೂರ್ತಿ ಮುಂದಿನ ಗುಮ್ಮಟದ ಸಭಾಂಗಣದಲ್ಲಿದೆ. ಒಂದೇ ದಿನ ಇದ್ದರೆ ಇದನ್ನೂ ಎಲ್ಫ್ರೆತ್ಸ್ ಆಲಿಯನ್ನೂ ಬಿಡಿ, ಬೆಲ್ ಸಾಲು ಉದ್ದ ಇದ್ದರೆ ಅದನ್ನೂ ಬಿಡಬಹುದು, ಹೊರಗಿನ ಗಾಜಿನಿಂದಲೇ ಕಾಣುತ್ತದೆ. ಅಚ್ಚುಕೂಟ ಮತ್ತು ಪೈನ್ ಬೀದಿಯ ಆಸ್ಪತ್ರೆಯನ್ನು ಮಾತ್ರ ಬಿಡಬೇಡಿ.