ನಿಮ್ಮೂರಿನವರು ಇಂದಿರಾ ಗಾಂಧಿಯನ್ನು ಯಾಕೆ ಗೆಲ್ಲಿಸಿದ್ರು?

ಊರು ಯಾವುದು ಅಂತ ಕೇಳಿದವರಿಗೆ ಚಿಕ್ಕಮಗಳೂರು ಅಂದರೆ ಮೊದಲು ಕಾಫಿಯ ಮಾತು ಬರುತ್ತದೆ. ಕೇಳಿದವರಿಗೆ ಸ್ವಲ್ಪ ವಯಸ್ಸಾಗಿದ್ದರೆ ಅದರ ಹಿಂದೆಯೇ ಇಂದಿರಾ ಗಾಂಧಿಯ ಮಾತು. "ತುರ್ತು ಪರಿಸ್ಥಿತಿ ತಂದವರನ್ನು ಅವರ ಕ್ಷೇತ್ರದವರೇ ಸೋಲಿಸಿ ಕಳಿಸಿದ್ದರು. ಎರಡು ವರ್ಷ ಕಳೆಯೋದರೊಳಗೆ ನೀವು ಯಾಕೆ ಗೆಲ್ಲಿಸಿದ್ರಿ? ಅಷ್ಟು ದೂರದಿಂದ ಬಂದು ಇಲ್ಲಿ ನಿಂತದ್ದು ಸರಿಯಾದ ತೀರ್ಮಾನವಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಗ ಪ್ರತಿ ಚುನಾವಣೆಯಲ್ಲೂ ಅದು ಮತ್ತೆ ಬರುತ್ತದೆ. ವಿರೋಧ ಪಕ್ಷದ ನಾಯಕರು ಈ ಕ್ಷೇತ್ರದಲ್ಲಿ ನಿಲ್ಲಬೇಕಿತ್ತಾ, ಪ್ರಚಾರದ ನಡುವೆ ಆ ಮಾತು ಆಡಬೇಕಿತ್ತಾ, ಅವರಿಗೆ ವಿವೇಚನೆ ಇದೆಯಾ ಅಂತ ಟಿವಿಯಲ್ಲಿ ಕೂಗಾಟ ಶುರುವಾಗುತ್ತದೆ. ಪಕ್ಕದಲ್ಲಿ ಕೂತವರು ನನ್ನ ಕಡೆ ತಿರುಗಿ, "1978ರಲ್ಲಿ ನಿಮ್ಮೂರಲ್ಲಿ ಆಗಿದ್ದೂ ಇದೇ ಅಲ್ವಾ?" ಅನ್ನುತ್ತಾರೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಗ ನಡೆದದ್ದು. 1977ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸೀಟಿನಲ್ಲಿ 26 ಕಾಂಗ್ರೆಸ್ಸಿಗೆ ಬಂದಿದ್ದವು. 1978ರ ಜನವರಿಯಲ್ಲಿ ಪಕ್ಷ ಒಡೆದು ಇಂದಿರಾ ಅವರ ಬಣ ಕಾಂಗ್ರೆಸ್ (ಐ) ಹುಟ್ಟಿತು. ಮುಂದಿನ ತಿಂಗಳೇ ವಿಧಾನಸಭೆ ಚುನಾವಣೆ. 224ರಲ್ಲಿ 149 ಗೆದ್ದು ದೇವರಾಜ ಅರಸು ಮತ್ತೆ ಮುಖ್ಯಮಂತ್ರಿಯಾದರು. ಆಮೇಲೆ ನಮ್ಮ ಸಂಸದರು, ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ. ಬಿ. ಚಂದ್ರೇಗೌಡರು, ತಮ್ಮ ಸ್ಥಾನ ಬಿಟ್ಟುಕೊಟ್ಟರು. ಅವರು ಎರಡು ಸಲ ಇಲ್ಲಿಂದ ಗೆದ್ದವರು. ತೆರವಾದ ಸೀಟಿಗೆ ಇಂದಿರಾ ಬಂದರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. 1968ರಿಂದ 71ರವರೆಗೆ ಮುಖ್ಯಮಂತ್ರಿಯಾಗಿದ್ದವರು, ಸಣ್ಣ ಆಳಲ್ಲ.

ಆಕೆಯ ತೀರ್ಮಾನದ ಬಗ್ಗೆ ಆಗಲೂ ಚರ್ಚೆ ಜೋರಾಗಿತ್ತು. ಉತ್ತರದ ಜನರ ಮುಖ ನೋಡಲು ಹೆದರಿ ದಕ್ಷಿಣಕ್ಕೆ ಓಡಿ ಬಂದರು ಅನ್ನುವುದು ಒಂದು ವಾದ. ಅದಕ್ಕೆ ಒಂದು ಆಧಾರವೂ ಇತ್ತು. ಅದೇ ವರ್ಷ ಉತ್ತರ ಪ್ರದೇಶದ ಆಜಂಗಢ ಉಪಚುನಾವಣೆಯಲ್ಲಿ ಅವರದೇ ಪಕ್ಷದ ಮೊಹ್ಸಿನಾ ಕಿದ್ವಾಯಿ ಗೆದ್ದಿದ್ದರು. ಅಂದರೆ ಅಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಬೇಕಿದ್ದರೆ ಉತ್ತರದಲ್ಲೇ ನಿಲ್ಲಬಹುದಿತ್ತು. ಸೋತರೆ ರಾಜಕೀಯ ಇಲ್ಲಿಗೇ ಮುಗಿಯಿತು, ಇಂಥ ಜೂಜು ಯಾಕೆ ಅನ್ನುವುದು ಇನ್ನೊಂದು ವಾದ. ಈ ಎರಡೂ ವಾದ ಮಾಡಿದವರು ಒಂದು ಕಡೆ ನೋಡಲೇ ಇಲ್ಲ ಅನ್ನಿಸುತ್ತದೆ. ಓಟು ಹಾಕುವವರು ಯಾರು, ಅವರ ಮನೆಯಲ್ಲಿ ಹಿಂದಿನ ನಾಲ್ಕೈದು ವರ್ಷದಲ್ಲಿ ಏನು ಬದಲಾಗಿದೆ ಅಂತ.

ನಮ್ಮ ಮನೆ ಕೊಪ್ಪದ ಕಡೆ. ಅಜ್ಜ ಗೇಣಿ ಒಕ್ಕಲು. ಗದ್ದೆ ಇನ್ನೊಬ್ಬರದು, ಬೆವರು ನಮ್ಮದು. ಕಣದಲ್ಲಿ ಭತ್ತ ಅಳೆಯುವ ದಿನ ಧಣಿಗಳ ಮನೆಯ ಆಳು ಬಂದು ನಿಂತಿರುತ್ತಿದ್ದ. ಅವರ ಪಾಲು ಹೋದ ಮೇಲೆ ಉಳಿದದ್ದು ನಮಗೆ. ಮಳೆ ಕೈಕೊಟ್ಟ ವರ್ಷ ಉಳಿಯುತ್ತಲೇ ಇರಲಿಲ್ಲ. ಧಣಿಗಳು ಕೆಟ್ಟವರಾಗಿರಲಿಲ್ಲ, ಹಬ್ಬಕ್ಕೆ ಸೀರೆ ಕೊಡುತ್ತಿದ್ದರು ಅಂತ ಅಜ್ಜಿಯೇ ಹೇಳುತ್ತಿದ್ದರು. ಆದರೆ ಅವರ ಅಂಗಳದಲ್ಲಿ ಅಜ್ಜ ಯಾವತ್ತೂ ಕೂತವರಲ್ಲ.

1974ರ ಮಾರ್ಚ್ 1ಕ್ಕೆ ಭೂಸುಧಾರಣೆ ತಿದ್ದುಪಡಿ ಕಾನೂನು ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿತು. ಉಳುವವರು ಏಳನೇ ನಂಬರಿನ ಫಾರಂ ತುಂಬಿ ತಾಲ್ಲೂಕಿನ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಕೊಡೋದು' ಅನ್ನುತ್ತಿದ್ದರು. ಅಜ್ಜ ಹೆದರಿ ಆರು ತಿಂಗಳು ಕೊಡಲಿಲ್ಲ. ಕೊನೆಗೆ ಅಜ್ಜಿಯ ಒತ್ತಾಯಕ್ಕೆ ಕೊಟ್ಟರು. ಮಂಡಳಿಯ ಮುಂದೆ ನಿಂತಾಗ ಕಾಲು ನಡುಗುತ್ತಿತ್ತಂತೆ. ಎರಡು ಎಕರೆ ಚಿಲ್ಲರೆ ಗದ್ದೆ ಅವರ ಹೆಸರಿಗೆ ಬಂತು. ಆ ಕಾಗದ ಅಜ್ಜಿಯ ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇರುತ್ತಿತ್ತು.

ಎಲ್ಲರಿಗೂ ಹೀಗಾಯಿತು ಅಂತ ಹೇಳಲಾರೆ. ಕಾಫಿ, ಟೀ, ಏಲಕ್ಕಿ, ಮೆಣಸಿನ ತೋಟಗಳನ್ನು ಭೂಮಿತಿಯಿಂದ, ಅಂದರೆ ಒಬ್ಬರು ಇಷ್ಟೇ ಭೂಮಿ ಇಟ್ಟುಕೊಳ್ಳಬಹುದು ಅನ್ನುವ ಮಿತಿಯಿಂದ, ಹೊರಗಿಟ್ಟಿದ್ದರು. ಹಾಗಾಗಿ ಲೈನ್ ಮನೆಯಲ್ಲಿ, ಅಂದರೆ ತೋಟದವರು ಆಳುಗಳಿಗೆ ಕಟ್ಟಿಸಿದ ಸಾಲುಮನೆಯಲ್ಲಿ, ಇದ್ದ ತೋಟದ ಆಳುಗಳಿಗೆ ಒಂದು ಗುಂಟೆಯೂ ಸಿಗಲಿಲ್ಲ. ಇದನ್ನು ನಮ್ಮ ಜಿಲ್ಲೆಯವರು ಹೇಳಿಕೊಳ್ಳುವುದು ಕಡಿಮೆ. ಆದರೂ ಆ ಕಾಲದಲ್ಲಿ ಬಡವರ ಸಾಲ ತೀರಿಸುವ ಕಾನೂನು ಬಂತು, ಜೀತ ರದ್ದಾಯಿತು, ಊರಿನ ಅಂಚಿನಲ್ಲಿ ಸರ್ಕಾರ ಬಡವರಿಗೆ ಕಟ್ಟಿಸಿದ ಜನತಾ ಮನೆಗಳು ಎದ್ದವು. ಲೈನ್ ಮನೆಯಲ್ಲಿದ್ದ ಅಜ್ಜಿಯ ತಂಗಿ ಬೆಳ್ಳಿ ಕಾಲುಂಗುರ ಅಡವಿಟ್ಟಿದ್ದರು. ಅದು ವಾಪಸ್ ಬಂದದ್ದು ಆಗಲೇ. ಇದನ್ನೆಲ್ಲ ಮಾಡಿದ್ದು ಅರಸು ಸರ್ಕಾರ ಅಂತ ಓದಿದವರಿಗೆ ಗೊತ್ತಿತ್ತು. ನಮ್ಮ ಮನೆಯ ಹೆಂಗಸರಿಗೆ ಅದರ ಹೆಸರು 'ಇಂದಿರಮ್ಮ'.

ನಾನಾಗ ನಾಲ್ಕನೇ ಕ್ಲಾಸು. ದೀಪಾವಳಿಯ ಆಸುಪಾಸು, ಗದ್ದೆ ಹಳದಿಗೆ ತಿರುಗುವ ಹೊತ್ತು. ಜೀಪುಗಳು ಧೂಳೆಬ್ಬಿಸಿಕೊಂಡು ಓಡಾಡುತ್ತಿದ್ದವು. ದಿಲ್ಲಿಯ ಮಂತ್ರಿಗಳು ನಮ್ಮ ಹಳ್ಳಿ ರಸ್ತೆಯಲ್ಲಿ! ಚಿಕ್ಕಮಗಳೂರು ಅಂದರೆ ಸಖರಾಯಪಟ್ಟಣದ ರುಕ್ಮಾಂಗದ ದೊರೆ ಕಿರಿಮಗಳಿಗೆ ಬಳುವಳಿ ಕೊಟ್ಟ ಊರು ಅನ್ನುವ ಕತೆ ನಮಗೆಲ್ಲ ಗೊತ್ತು. ಹಿರಿಯವಳಿಗೆ ಪಕ್ಕದ ಹಿರೇಮಗಳೂರು. ಇಂದಿರಾಗೆ ಆಗ 60 ದಾಟಿತ್ತು. ಆದರೂ ಅಜ್ಜಿಯ ಮಾತಿನಲ್ಲಿ ಆಕೆ "ಕಷ್ಟದಲ್ಲಿ ತವರಿಗೆ ಬಂದ ಮಗಳು". ತವರಿಗೆ ಬಂದವಳನ್ನು ಯಾರಾದರೂ ಬರಿಗೈಯಲ್ಲಿ ಕಳಿಸುತ್ತಾರಾ?

ಜನತಾ ಪಕ್ಷದ ಪ್ರಚಾರ ಹೊತ್ತವರಲ್ಲಿ ಜಾರ್ಜ್ ಫರ್ನಾಂಡಿಸ್ ಮುಖ್ಯರು. ಮಂಗಳೂರಿನವರು, ನಮ್ಮ ಭಾಷೆ ಬಲ್ಲವರು. ತುರ್ತು ಪರಿಸ್ಥಿತಿಯಲ್ಲಿ ಅವರ ತಮ್ಮ ಲಾರೆನ್ಸ್ ಅವರಿಗೆ ಬೆಂಗಳೂರಿನ ಪೊಲೀಸರು ಕೊಟ್ಟ ಹಿಂಸೆ ಕೇಳಿದರೆ ಹೊಟ್ಟೆ ಕಿವುಚುತ್ತದೆ. ಅವರ ಕೋಪಕ್ಕೆ ಕಾರಣವಿತ್ತು. ಆದರೆ ಆ ಪ್ರಚಾರದಲ್ಲಿ ಇಂದಿರಾ ಅವರನ್ನು ಹೆಡೆ ಎತ್ತಿದ ನಾಗರಹಾವು ಮಾಡಿದ ಪೋಸ್ಟರ್ ಹಂಚಿದರು. ನಮ್ಮ ಸೀಮೆಯಲ್ಲಿ ನಾಗರ ಕಂಡರೆ ಕೈ ಮುಗಿದು ದಾರಿ ಬಿಡುತ್ತಾರೆ. ತೋಟದ ಮೂಲೆಯಲ್ಲಿ ನಾಗರಕಲ್ಲು, ನಾಗರ ಪಂಚಮಿಗೆ ತನಿ ಎರೆಯುವ ಜನ. ಅಂಥ ಜನರಿಗೆ ಆ ಚಿತ್ರ ತೋರಿಸಿ ಹೆದರಿಕೊಳ್ಳಿ ಅಂದರೆ ಹೇಗೆ?

ಇನ್ನು ಎದುರಿನ ಮಾತು. ನಮ್ಮ ಊರಿನಲ್ಲೇ ಒಬ್ಬ ಮೇಷ್ಟ್ರಿದ್ದರು. ನನಗೆ ಅಕ್ಷರ ಕಲಿಸಿದವರು. ತುರ್ತು ಪರಿಸ್ಥಿತಿಯಲ್ಲಿ ಕರಪತ್ರ ಹಂಚಿದ್ದಕ್ಕೆ ಅವರನ್ನು ಹಿಡಿದುಕೊಂಡು ಹೋಗಿದ್ದರು. ಎಂಟು ತಿಂಗಳು ಜೈಲಿನಲ್ಲಿದ್ದು ಬಂದಾಗ ಗುರುತು ಹತ್ತದಷ್ಟು ಇಳಿದಿದ್ದರು. ಅವರು ನಮ್ಮ ಜಗಲಿಯಲ್ಲಿ ಕೂತು ಅಜ್ಜನಿಗೆ ಹೇಳುತ್ತಿದ್ದರು: "ಗದ್ದೆ ಕೊಟ್ಟದ್ದು ಒಳ್ಳೆಯದೇ. ಆದರೆ ಬಾಯಿ ಮುಚ್ಚಿಸಿದ್ದು? ನಾಳೆ ಆ ಗದ್ದೆ ಕಿತ್ತುಕೊಂಡರೆ ನೀವು ಎಲ್ಲಿ ಹೋಗಿ ಕೇಳ್ತೀರಿ?" ಸ್ನೇಹಲತಾ ರೆಡ್ಡಿಯವರ ಬಗ್ಗೆ ನಾನು ಮೊದಲು ಕೇಳಿದ್ದೂ ಅವರಿಂದಲೇ. ಆಸ್ತಮಾ ಇದ್ದ ಆ ನಟಿಯನ್ನು ತಿಂಗಳುಗಟ್ಟಲೆ ಬೆಂಗಳೂರು ಜೈಲಿನಲ್ಲಿಟ್ಟಿದ್ದರು. ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು.

ಮೇಷ್ಟ್ರು ಹೇಳಿದ್ದು ಸರಿ ಅಂತ ನನಗೆ ಈಗ ಗೊತ್ತು. ಆದರೆ ದಿಲ್ಲಿಯಿಂದ ಬಂದವರು ಅವರ ಹಾಗೆ ಮಾತಾಡಲಿಲ್ಲ. ಗದ್ದೆಯ ಕಾಗದದಿಂದ ಮಾತು ಶುರು ಮಾಡಿ ಜೈಲಿಗೆ ಹೋಗಿದ್ದರೆ ಅಜ್ಜ ಕೇಳಿಸಿಕೊಳ್ಳುತ್ತಿದ್ದರು. ಅವರು ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ವರದಿಯಿಂದ ಶುರು ಮಾಡಿದರು. ಕೊನೆಗೂ ನಮ್ಮ ಊರಿನಲ್ಲಿ ಆ ದೊಡ್ಡ ಪ್ರಶ್ನೆಯನ್ನು ಇಂದಿರಾ ಅವರಿಗೆ ಯಾರೂ ಕೇಳಲಿಲ್ಲ. ಅವರೂ ಉತ್ತರ ಕೊಡದೆ ಗೆದ್ದರು. 77 ಸಾವಿರಕ್ಕೂ ಹೆಚ್ಚು ಮತಗಳ ಅಂತರ.

ಹಾಗಾದರೆ ಆಕೆ ನಿಂತದ್ದು ಸರಿಯಾ? ಎಲ್ಲಿ ತನ್ನನ್ನು ಕೈಬಿಟ್ಟಿಲ್ಲ ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ದಿಲ್ಲಿಯ ಪತ್ರಕರ್ತರಿಗಿಂತ ಜಾಸ್ತಿ ಗೊತ್ತಿತ್ತು. ಗೆಲ್ಲುವ ಲೆಕ್ಕ ಅಂತ ನೋಡಿದರೆ ಪಕ್ಕಾ. ಆದರೆ ವಿವೇಚನೆ ಅನ್ನುವ ದೊಡ್ಡ ಮಾತನ್ನು ನಾನು ಆ ಲೆಕ್ಕಕ್ಕೆ ಕೊಡಲಾರೆ. ಆಕೆಯ ವಿವೇಚನೆಯ ಪರೀಕ್ಷೆ ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್‌ನಲ್ಲೇ ನಡೆದಿತ್ತು. ಅದರಲ್ಲಿ ಆಕೆ ತಪ್ಪಿದರು, ನಮ್ಮ ಮೇಷ್ಟ್ರಂಥವರು ಅದಕ್ಕೆ ಬೆಲೆ ತೆತ್ತರು. ನಮ್ಮ ಅಜ್ಜಿಯ ಓಟು ಆ ತಪ್ಪಿಗೆ ಕೊಟ್ಟ ಮಾಫಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಜ್ಜಿ ಓಟು ಹಾಕಿದ್ದು ಎರಡು ಎಕರೆಗೆ, ತಂಗಿಯ ಕಾಲುಂಗುರಕ್ಕೆ. ಅದು ಅವರ ಹಕ್ಕು. "ಚಿಕ್ಕಮಗಳೂರಿನವರಿಗೆ ಬುದ್ಧಿ ಇರಲಿಲ್ಲ" ಅನ್ನುವವರ ಹತ್ತಿರ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ.

ಗೆದ್ದರೆ ಜಾಣತನ, ಸೋತರೆ ದಡ್ಡತನ ಅಂತ ಆಮೇಲೆ ಹೇಳುವುದು ಸುಲಭ. ಪಕ್ಕದ ಹಾಸನವನ್ನೇ ನೋಡಿ. 2019ರಲ್ಲಿ ದೇವೇಗೌಡರು ತಮ್ಮ ಹಾಸನವನ್ನು ಮೊಮ್ಮಗನಿಗೆ ಬಿಟ್ಟು ತುಮಕೂರಿಗೆ ಹೋದರು. ಅಲ್ಲಿ ಮಿತ್ರಪಕ್ಷ ಕಾಂಗ್ರೆಸ್ಸಿನ ಹಾಲಿ ಸಂಸದರಿಗೆ ಟಿಕೆಟ್ ತಪ್ಪಿತು. ಗೌಡರು 13 ಸಾವಿರ ಚಿಲ್ಲರೆ ಮತಗಳಿಂದ ಸೋತರು. ಮರುದಿನದಿಂದ ಹಾಸನದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಎಲ್ಲರಿಗೂ ಅದು ತಪ್ಪು ತೀರ್ಮಾನವಾಗಿತ್ತು. ಅಷ್ಟೇ ಮತ ಆ ಕಡೆ ವಾಲಿದ್ದರೆ ಅದೇ ಜನ ಚಾಣಕ್ಯ ಅನ್ನುತ್ತಿದ್ದರು. ಮನೆಯೊಳಗೇ ಸೀಟು ಹಂಚಿಕೊಳ್ಳುವುದು ಸರಿಯಾ ಅನ್ನುವ ಪ್ರಶ್ನೆ ಗೆದ್ದರೂ ಇರಬೇಕಿತ್ತು, ಸೋತರೂ ಇರಬೇಕಿತ್ತು.

ಹಾಗಾಗಿ ಈಗ ಯಾರಾದರೂ ವಿರೋಧ ಪಕ್ಷದ ನಾಯಕರ ವಿವೇಚನೆಯ ಬಗ್ಗೆ ಕೇಳಿದರೆ ನಾನು ಕ್ಷೇತ್ರದ ವಿಷಯ ಬಿಟ್ಟು ಬೇರೆ ಕೇಳುತ್ತೇನೆ. ಅಧಿಕಾರ ಇದ್ದಾಗ ಅವರು ಏನು ಮಾಡಿದ್ದರು? ಅದರಲ್ಲಿ ತಪ್ಪಿದ್ದರೆ ಓಟು ಕೇಳಲು ಬಂದ ಊರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿದರಾ? ಗೆದ್ದ ಮೇಲೆ ಆ ಊರಿನವರ ಕೈಗೆ ಸಿಗುತ್ತಾರಾ?

ಕೊನೆಯ ಪ್ರಶ್ನೆಗೆ ನಮ್ಮ ಊರಿಗೆ ಉತ್ತರ ಬೇಗ ಸಿಕ್ಕಿತು. ಗೆದ್ದು ಒಂದೂವರೆ ತಿಂಗಳಾಗಿತ್ತು. ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಅವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ಪ್ರಧಾನಿಯಾಗಿದ್ದಾಗ ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಸೇರಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿ ಮಾಡಿದರು, ಅದು ಸದನದ ಹಕ್ಕುಚ್ಯುತಿ ಅನ್ನುವುದು ಆರೋಪ. ಅಧಿವೇಶನ ಮುಗಿದ ಮೇಲೆ, ಒಂದು ವಾರಕ್ಕೆ, ಬಿಡುಗಡೆ. ಆ ನಿರ್ಣಯವನ್ನು 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ ರದ್ದು ಮಾಡಿತು. ಆದರೆ ಅಷ್ಟರಲ್ಲಿ ನಮ್ಮ ಸೀಟು ಕತೆಯಾಗಿ ಹೋಗಿತ್ತು.

ರೇಡಿಯೋದಲ್ಲಿ ಆ ಸುದ್ದಿ ಬಂದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಒಲೆ ಮುಂದೆ ಕೂತಿದ್ದರು. "ಹಾಗಾದ್ರೆ ನಮ್ಮ ಓಟು ಎಲ್ಲಿ ಹೋಯ್ತು?" ಅಂದರು. ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಮೇಷ್ಟ್ರು ಬಂದಾಗ, "ನಿಮಗೆ ಸಮಾಧಾನ ಆಗಿರಬೇಕಲ್ಲ" ಅಂದರು ಅಪ್ಪ. ಮೇಷ್ಟ್ರು ತಲೆ ಅಲ್ಲಾಡಿಸಿದರು. "ತಪ್ಪಿಗೆ ಕೋರ್ಟಿದೆ. ಅಲ್ಲಿ ಶಿಕ್ಷೆ ಆಗಲಿ. ಇಷ್ಟು ಜನ ಓಟು ಹಾಕಿ ಕಳಿಸಿದವರನ್ನು ಇವರು ಕೂತು ಕೈ ಎತ್ತಿ ಹೊರಗೆ ಹಾಕಿದ್ರೆ, ನನ್ನನ್ನ ಜೈಲಿಗೆ ಹಾಕಿದವರಿಗೂ ಇವರಿಗೂ ಏನು ವ್ಯತ್ಯಾಸ?" ಅಂದರು. ಜೈಲಿಗೆ ಹೋಗಿ ಬಂದವರ ಬಾಯಲ್ಲಿ ಆ ಮಾತು. ವಿವೇಚನೆ ಅಂದಾಗ ನನಗೆ ನೆನಪಾಗುವುದು ಅವರ ಮುಖ.

1979ರಲ್ಲಿ ಅರಸು ಮತ್ತು ಇಂದಿರಾ ಬೇರೆಯಾದರು. 1980ರ ಜನವರಿಯಲ್ಲಿ ಮತ್ತೆ ಲೋಕಸಭೆ ಚುನಾವಣೆ. ಇಂದಿರಾ ರಾಯ್‌ಬರೇಲಿಯಲ್ಲೂ ಆಗಿನ ಆಂಧ್ರದ ಮೇದಕ್‌ನಲ್ಲೂ ನಿಂತರು. ನಮ್ಮ ಕಡೆ ಬರಲಿಲ್ಲ. ಅವರ ಎದುರು ನಿಂತು ಸೋತಿದ್ದ ವೀರೇಂದ್ರ ಪಾಟೀಲರು ಅಷ್ಟರಲ್ಲಿ ಅವರ ಪಕ್ಷ ಸೇರಿದ್ದರು. ಇಲ್ಲಿ ಡಿ. ಎಂ. ಪುಟ್ಟೇಗೌಡರು ಕಾಂಗ್ರೆಸ್ (ಐ) ಅಭ್ಯರ್ಥಿ. ಓಟಿನ ದಿನ ಬೆಳಿಗ್ಗೆ ಅಜ್ಜಿ ಸೆರಗು ಸರಿ ಮಾಡಿಕೊಳ್ಳುತ್ತಾ ಅಪ್ಪನನ್ನು ಕೇಳಿದರು.

"ಈ ಸಲ ನಿಂತವರು ಇಲ್ಲೇ ಇರ್ತಾರಾ?"

"ಇರ್ತಾರಂತೆ."

"ಸರಿ ಹಾಗಾದ್ರೆ," ಅಂದು ಅಜ್ಜಿ ಮೆಟ್ಟು ಹಾಕಿಕೊಂಡು ಅಂಗಳ ಇಳಿದರು.