ಚಕ್ರಕ್ಕೆ ಮೆತ್ತಿದ ಕೆಸರು

ಅಮೆರಿಕದ ಉತ್ತರ ಕೆರೊಲೈನಾದಲ್ಲಿ, ಅಪಲೇಶಿಯನ್ ಬೆಟ್ಟದ ಮೇಲಿನ ಒಂದು ಕ್ರಿಸ್‌ಮಸ್ ಮರದ ತೋಟದಲ್ಲಿ ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಾವು ಬೆಳೆಯುವುದು ಫ್ರೇಸರ್ ಫರ್. ಇದಕ್ಕೆ 3,000 ಅಡಿಗಿಂತ ಮೇಲಿನ ತಂಪೇ ಆಗಬೇಕು. ನರ್ಸರಿಯಲ್ಲಿ ನಾಲ್ಕೈದು ವರ್ಷ ಕಳೆದ ಸಸಿಯನ್ನು ಐದಡಿಗೊಂದರಂತೆ ನೆಟ್ಟರೆ, ಆಳೆತ್ತರಕ್ಕೆ ಬರಲು ಮತ್ತೆ ಏಳೆಂಟು ವರ್ಷ.

ಮರದ ಚೆಂದವೆಲ್ಲ ಕತ್ತಿಯಲ್ಲಿದೆ ಎಂದು ಮೊದಮೊದಲು ನಂಬಿದ್ದೆ. ಜುಲೈ, ಆಗಸ್ಟ್‌ನಲ್ಲಿ ಕಾಲಿಗೆ ಕವಚ ಕಟ್ಟಿಕೊಂಡು, ಉದ್ದನೆಯ ತೆಳು ಕತ್ತಿಯನ್ನು ಮೇಲಿನಿಂದ ಕೆಳಕ್ಕೆ ಬೀಸುತ್ತ ಮರದ ಸುತ್ತ ಸವರುತ್ತೇವೆ. ನೆತ್ತಿಯ ಚಿಗುರನ್ನು ಸುಮಾರು ಒಂದಡಿಗೆ ನಿಲ್ಲಿಸಬೇಕು. ಉದ್ದ ಬಿಟ್ಟರೆ ಕೊಂಬೆಗಳ ನಡುವೆ ಕಿಂಡಿ ಬೀಳುತ್ತದೆ. ಈ ಕೈಚಳಕ ಕಲಿಯಲು ನನಗೆ ಮೂರು ಬೇಸಿಗೆ ಹಿಡಿಯಿತು. ಆ ಮೂರೂ ವರ್ಷ ಬುಡದ ಕಡೆ ನೋಡಲೇ ಇಲ್ಲ.

ತಪ್ಪಾದದ್ದು ನವೆಂಬರ್‌ನ ಕೊಯ್ಲಿನಲ್ಲಿ. ಮರ ಕಡಿದು, ಒಣಗಿದ ಎಲೆ ಉದುರುವಂತೆ ಅಲುಗಿಸಿ, ಬಲೆಯಲ್ಲಿ ಬಿಗಿದು, ನೆರಳಿನಲ್ಲಿ ಒಟ್ಟಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲೇ ಲಾರಿ ತುಂಬಬೇಕು. ಮಳೆ ಬಂದರೂ ನಿಲ್ಲಿಸುವಂತಿಲ್ಲ. ಅಂಥ ಒಂದು ಸಂಜೆ, ತಗ್ಗಿನ ಜೌಗು ತುಂಡು ಭೂಮಿಯಿಂದ ಮರ ಹೇರಿಕೊಂಡು ಬಂದ ಟ್ರೈಲರನ್ನು, ದಾರಿ ಹತ್ತಿರವೆಂದು, ಮೇಲಿನ ಎಳೆಯ ಸಸಿಗಳ ಸಾಲಿನ ನಡುವೆ ಹಾಯಿಸಿದೆ. ಚಕ್ರದ ತುಂಬ ಕೆಸರು ಮೆತ್ತಿತ್ತು.

ಎರಡು ವರ್ಷದ ಬಳಿಕ, ಚಕ್ರ ಹೋದ ದಾರಿಯಲ್ಲೇ, ಸಸಿಗಳು ಮೊದಲು ಹಳದಿಯಾಗಿ ಆಮೇಲೆ ಕೆಂಚಗಾದವು. ಗೊಬ್ಬರ ಸಾಲದಾಯಿತೇನೋ ಎಂದೆ. ಮೆಕ್ಸಿಕೋದಿಂದ ಬಂದ ನಮ್ಮ ಮೇಸ್ತ್ರಿ ಏನೂ ಹೇಳದೆ ಮಂಡಿಯೂರಿ, ಬುಡದ ತೊಗಟೆಯನ್ನು ಚಾಕುವಿನಿಂದ ಕೆರೆದು ತೋರಿಸಿದರು. ಬೆಳ್ಳಗೆ ಹಸಿಯಾಗಿರಬೇಕಾದ ಜಾಗ ದಾಲ್ಚಿನ್ನಿ ಚಕ್ಕೆಯ ಬಣ್ಣಕ್ಕೆ ತಿರುಗಿತ್ತು. ಎಳೆದರೆ ಸಸಿ ಸಲೀಸಾಗಿ ಕೈಗೆ ಬಂತು. ಎಳೆಬೇರುಗಳೆಲ್ಲ ಕೊಳೆತು ಹೋಗಿದ್ದವು. ಇದು ಫೈಟಾಫ್ತೊರಾ ಸಿನ್ನಮೋಮಿ ಎಂಬ, ಬೇರು ಕೊಳೆಸುವ ರೋಗಾಣುವಿನ ಕೆಲಸ. 1922ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಸುಮಾತ್ರಾದ ದಾಲ್ಚಿನ್ನಿ ಮರಗಳಲ್ಲಿ. ಹೆಸರು ಬಂದದ್ದೂ ಅಲ್ಲಿಂದಲೇ.

ಆ ಹೆಸರು ಕೇಳಿ ಎದೆ ಧಸಕ್ಕೆಂದಿತು. ಮಲೆನಾಡಿನ ಸಾಗರದ ನಮ್ಮ ತೋಟದಲ್ಲಿ ಅಡಿಕೆಗೆ ಬರುವ ಕೊಳೆರೋಗವೂ ಇದೇ ಕುಲದ್ದು. ಆದರೆ ಅಲ್ಲಿ ರೋಗ ಗೊನೆಗೆ. ಹೊತ್ತಿಗೆ ಸರಿಯಾಗಿ ಬೋರ್ಡೋ ಮದ್ದು ಹೊಡೆಸಿದರೆ, ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟಿಸಿದರೆ ಫಸಲು ಉಳಿದೀತು. ಇಲ್ಲಿ ಅದು ಮಣ್ಣಿನ ನೀರಿನಲ್ಲಿ ಈಜಿ ಬೇರಿಗೇ ಇಳಿಯುತ್ತದೆ. ಕೊಳೆ ಹತ್ತಿದ ಮರಕ್ಕೆ ಮದ್ದಿಲ್ಲ, ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅಲ್ಲಿ ಬಸಿಗಾಲುವೆ ಇದೆಯೇನೋ?" ಇರಲಿಲ್ಲ. ಅಡಿಕೆ ತೋಟದಲ್ಲಿ ಹುಟ್ಟಿ ಬೆಳೆದ ನಾನು ಅಷ್ಟು ವರ್ಷ ಆ ಜೌಗಿನ ಮೇಲೆ ಓಡಾಡಿಯೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಇದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ತಗ್ಗಿನ ತುಂಡಿನಲ್ಲಿ ಈಗ ಫ್ರೇಸರ್ ನೆಡುವುದಿಲ್ಲ. ಈ ಕೊಳೆಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವ ಟರ್ಕಿಶ್ ಫರ್ ಸ್ವಲ್ಪ ಹಾಕಿದ್ದೇವೆ. ಮೇಲಿನ ಗುಡ್ಡದ ನೀರು ಅಲ್ಲಿಗೆ ನುಗ್ಗದಂತೆ ಕಾಲುವೆ ತೋಡಿದ್ದಾಗಿದೆ. ಕೊಯ್ಲು ರೋಗವಿಲ್ಲದ ತುಂಡಿನಿಂದ ಶುರುವಾಗುತ್ತದೆ, ತಗ್ಗು ಕಟ್ಟಕಡೆಗೆ. ಪ್ರತಿ ತುಂಡಿನ ಬಾಯಲ್ಲಿ ನೀರಿನ ಪೈಪು, ಒರಟು ಬ್ರಷ್ ಇವೆ. ಲಾರಿ ಕಾಯುತ್ತಿದ್ದರೂ ಚಕ್ರ ತೊಳೆಯದೆ, ಬೂಟು ಉಜ್ಜದೆ ಯಾರೂ ಒಳಗೆ ಹೋಗುವಂತಿಲ್ಲ. ಒಂದು ಟ್ರ್ಯಾಕ್ಟರಿಗೆ ಹದಿನೈದು ನಿಮಿಷ ಹಿಡಿಯುತ್ತದೆ. ಚಕ್ರದ ಗೀರುಗಳೊಳಗಿನ ಕೆಸರನ್ನು ನಾನೇ ಬೆರಳು ಹಾಕಿ ನೋಡುತ್ತೇನೆ.