ಬಡತನದ ಬಗ್ಗೆ ಓದೋಕೆ ಲೆಕ್ಕ ಬರಲೇಬೇಕಾ?

ಜಾಗತೀಕರಣ, ಎಲ್ಲರನ್ನೂ ಒಳಗೊಳ್ಳುವ ಅಭಿವೃದ್ಧಿ, ಬಡತನ ನಿವಾರಣೆ: ಈ ಮೂರನ್ನೂ ಸೇರಿಸಿ ಕಲಿಸುವ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ, "ಡಿಗ್ರಿಯಲ್ಲಿ ಸಮಾಜಶಾಸ್ತ್ರ ಓದಿದ್ದು, ಲೆಕ್ಕ ಬರದಿದ್ದರೆ ನಡೆಯುತ್ತಾ?" ನಡೆಯಲ್ಲ. ಆದರೆ ಇಲ್ಲಿ ಬೇಕಾದದ್ದು ನೀವು ಹೆದರಿಕೊಂಡಿರುವ ಲೆಕ್ಕವಲ್ಲ.

ಒಂದು ಉದಾಹರಣೆ ನೋಡಿ. ಹತ್ತು ಜನರಿದ್ದಾರೆ, ಬಡತನ ರೇಖೆ 100. ಏಳು ಮಂದಿ ರೇಖೆಯ ಮೇಲಿದ್ದಾರೆ. ಉಳಿದ ಮೂವರ ಖರ್ಚು 95, 90 ಮತ್ತು 40. ನಿಮ್ಮ ಕೈಯಲ್ಲಿ ಹಂಚಲು 15 ಇದೆ. ಮೊದಲ ಇಬ್ಬರಿಗೆ 5 ಮತ್ತು 10 ಕೊಟ್ಟರೆ ಇಬ್ಬರೂ ರೇಖೆ ಮುಟ್ಟುತ್ತಾರೆ, ಬಡವರ ಪ್ರಮಾಣ ಶೇ. 30ರಿಂದ ಶೇ. 10ಕ್ಕೆ ಇಳಿಯುತ್ತದೆ. ಅಷ್ಟನ್ನೂ 40 ಇರುವವರಿಗೇ ಕೊಟ್ಟರೆ ಅವರು 55ಕ್ಕೆ ಬರುತ್ತಾರೆ, ಪ್ರಮಾಣ ಮಾತ್ರ ಶೇ. 30ರಲ್ಲೇ ನಿಲ್ಲುತ್ತದೆ. ತಲೆ ಎಣಿಸುವ ಸರ್ಕಾರ ಯಾರಿಗೆ ಕೊಡುತ್ತದೆಂದು ಬೇರೆ ಹೇಳಬೇಕೆ?

ಈಗ ಪ್ರತಿಯೊಬ್ಬರಿಗೂ ರೇಖೆಗೆ ಎಷ್ಟು ಕೊರತೆ ಬಿತ್ತೆಂಬುದನ್ನು ರೇಖೆಯಿಂದ, ಅಂದರೆ 100ರಿಂದ, ಭಾಗಿಸಿ, ಕೂಡಿಸಿ ಹತ್ತು ಜನಕ್ಕೆ ಹಂಚಿ: ಎರಡೂ ಕಡೆ 0.06, ಸಮ. ಹಾಗೆ ಭಾಗಿಸಿದ ಪ್ರತಿಯೊಬ್ಬರ ಕೊರತೆಯನ್ನು ವರ್ಗ ಮಾಡಿ, ಕೂಡಿಸಿ ಹತ್ತು ಜನಕ್ಕೆ ಹಂಚಿದರೆ ಮಾತ್ರ ತೀರಾ ಕೆಳಗಿರುವವರ ಪಾಡು ಕಾಣುತ್ತದೆ: ಮೊದಲ ಹಂಚಿಕೆಗೆ 0.036, ಎರಡನೆಯದಕ್ಕೆ 0.0215. ಅರ್ಥಶಾಸ್ತ್ರಜ್ಞರಾದ ಫಾಸ್ಟರ್, ಗ್ರೀರ್, ಥಾರ್ಬೆಕ್ 1984ರಲ್ಲಿ ಕೊಟ್ಟ ಅಳತೆಗಳು ಇವೇ. ಕೂಡಿಸಿ, ಭಾಗಿಸಿ, ವರ್ಗ ಮಾಡಿದ್ದು ಬಿಟ್ಟರೆ ಇದರಲ್ಲಿ ಬೇರೇನಿಲ್ಲ.

ರಿಗ್ರೆಷನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ದತ್ತಾಂಶದಿಂದ ಅಂದಾಜಿಸುವ ವಿಧಾನ), ಸಾಫ್ಟ್‌ವೇರ್ ಎಲ್ಲ ಕೋರ್ಸಿನಲ್ಲೇ ಕಲಿಸುತ್ತಾರೆ. ಎಡವುವುದು ಅಲ್ಲಲ್ಲ, ದತ್ತಾಂಶದ ಫೈಲ್ ತೆರೆದ ಮೊದಲ ಗಂಟೆಯಲ್ಲಿ. ಸಮೀಕ್ಷೆಯಲ್ಲಿ ಒಂದು ಸಾಲೆಂದರೆ ಒಂದು ಮನೆ. ಬಡ ಮನೆಗಳಲ್ಲಿ ಸಾಮಾನ್ಯವಾಗಿ ಜನ ಹೆಚ್ಚು. ಸದಸ್ಯರ ಸಂಖ್ಯೆಯಿಂದ ಗುಣಿಸದೆ ಮನೆಗಳನ್ನಷ್ಟೇ ಎಣಿಸಿದರೆ ಬಡತನ ಕಡಿಮೆ ಕಾಣುತ್ತದೆ. ಸ್ಯಾಂಪಲ್ ವೇಯ್ಟ್, ಅಂದರೆ ಸಮೀಕ್ಷೆಯ ಒಂದು ಮನೆ ಒಟ್ಟು ಎಷ್ಟು ಮನೆಗಳ ಪ್ರತಿನಿಧಿ ಎಂಬ ಸಂಖ್ಯೆ, ಹಾಕಲು ಮರೆಯುವುದು ಇನ್ನೊಂದು ತಪ್ಪು. ಡಾಲರ್ ರೇಖೆಯನ್ನು ಬ್ಯಾಂಕಿನ ವಿನಿಮಯ ದರದಲ್ಲಿ ಸ್ಥಳೀಯ ಹಣಕ್ಕೆ ಬದಲಿಸುವುದಂತೂ ಪ್ರತಿ ಬ್ಯಾಚಿನಲ್ಲೂ ನಡೆಯುವ ತಪ್ಪು. ಅದನ್ನು ಬದಲಿಸಬೇಕಾದದ್ದು ಕೊಳ್ಳುವ ಶಕ್ತಿಯ ದರದಲ್ಲಿ, ಅಂದರೆ ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವಷ್ಟೇ ಸಾಮಾನು ಇಲ್ಲಿ ಕೊಳ್ಳಲು ಬೇಕಾಗುವ ಹಣದ ಲೆಕ್ಕದಲ್ಲಿ. ಬೆಲೆಗಳು ಕಡಿಮೆಯಿರುವ ದೇಶದಲ್ಲಿ ಬ್ಯಾಂಕ್ ದರ ಹಿಡಿದರೆ ರೇಖೆ ಸುಮ್ಮನೆ ಮೇಲೇರಿ, ಬಡವರಲ್ಲದವರೂ ಬಡವರ ಪಟ್ಟಿಗೆ ಬೀಳುತ್ತಾರೆ.

ರೇಖೆಯೂ ನಿಂತಲ್ಲಿ ನಿಲ್ಲುವುದಿಲ್ಲ. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ದಿನಕ್ಕೆ 2.15 ಡಾಲರ್ ಇದ್ದದ್ದನ್ನು 3 ಡಾಲರ್ ಮಾಡಿದಾಗ ಲೆಕ್ಕದಲ್ಲಿ ಕಡುಬಡವರ ಸಂಖ್ಯೆ ಏರಿತು. ಯಾರ ಮನೆಯ ಅಡುಗೆಯೂ ಅಂದು ಕಡಿಮೆಯಾಗಿರಲಿಲ್ಲ. ಹಾಗಾಗಿ ಎರಡು ವರದಿಗಳ ಅಂಕಿ ಪಕ್ಕಪಕ್ಕ ಇಡುವ ಮುನ್ನ ಎರಡರದ್ದೂ ರೇಖೆ ಯಾವುದು, ಬೆಲೆ ಯಾವ ವರ್ಷದ್ದು ಎಂದು ನೋಡಿಕೊಳ್ಳಿ. ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೊದಲು ಕೈ ಹಾಕುವುದು ಅಲ್ಲಿಗೇ.